ಹಳೆಯ ಗಂಗೆಯ ಲೆಕ್ಕದಲ್ಲಿ ಇವತ್ತಿನ ನೀರು ಹಂಚಬಹುದೇ?

1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಇಬ್ಬರು ಪ್ರಧಾನಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಬ್ಬರು ಬಾಂಗ್ಲಾದೇಶದ ಶೇಖ್ ಹಸೀನಾ. ಇನ್ನೊಬ್ಬರು ನಮ್ಮ ಎಚ್.ಡಿ. ದೇವೇಗೌಡರು. ಕಾವೇರಿಗಾಗಿ ವರ್ಷಗಟ್ಟಲೆ ವಾದ ಮಾಡುತ್ತ ಬಂದ ಗೌಡರು, ತಾವು ಪ್ರಧಾನಿಯಾಗಿದ್ದ ಹತ್ತು ಚಿಲ್ಲರೆ ತಿಂಗಳಲ್ಲಿ ಗಂಗೆಯ ಹಂಚಿಕೆಯನ್ನು ಒಂದು ದಡಕ್ಕೆ ತಂದರು. ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರ ಸಹಕಾರ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ, ಆ ಮಾತು ಬೇರೆ.

ಒಪ್ಪಂದದ ಅವಧಿ ಮೂವತ್ತು ವರ್ಷ. ಅಂದರೆ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಅದು ತಾನಾಗಿ ಮುಂದುವರಿಯುವುದಿಲ್ಲ. ಎರಡೂ ದೇಶ ಒಪ್ಪಿದರೆ ಮಾತ್ರ ನವೀಕರಣ.

ಬಿಸಿಯಾಗುತ್ತಿರುವ ಜಗತ್ತಿನಲ್ಲಿ ದೇಶ ದೇಶಗಳ ನಡುವೆ ನದಿ ನೀರು ಹಂಚುವುದು ಯಾಕಿಷ್ಟು ಕಷ್ಟ? ಈ ಪ್ರಶ್ನೆಗೆ ಫರಕ್ಕಾಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಕಾಣುವುದಿಲ್ಲ. ಇಲ್ಲಿ ಯುದ್ಧ ನಡೆದಿಲ್ಲ. ಒಪ್ಪಂದವೂ ಮುರಿದುಬಿದ್ದಿಲ್ಲ. ಆದರೂ ಲೆಕ್ಕ ತಾಳೆಯಾಗುತ್ತಿಲ್ಲ.

ಫರಕ್ಕಾದಲ್ಲಿ ಏನಿದೆ

ಗಂಗೆ ಬಾಂಗ್ಲಾದೇಶಕ್ಕೆ ಕಾಲಿಡುವ ಮುಂಚೆ, ಗಡಿಯಿಂದ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲದ ದೂರದಲ್ಲಿ, ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಫರಕ್ಕಾ ಇದೆ. ಅಲ್ಲಿ ನದಿಗೆ ಅಡ್ಡವಾಗಿ ಎರಡು ಕಿಲೋಮೀಟರ್‌ಗೂ ಉದ್ದದ ಬ್ಯಾರೇಜ್ ಕಟ್ಟಿದ್ದಾರೆ. ಅದು ಕೆಲಸ ಶುರು ಮಾಡಿದ್ದು 1975ರಲ್ಲಿ. ಉದ್ದೇಶ ನೀರಾವರಿಯಲ್ಲ, ಕೋಲ್ಕತ್ತಾ ಬಂದರು. ಹೂಗ್ಲಿ ನದಿಯಲ್ಲಿ ಹೂಳು ತುಂಬಿ ಹಡಗುಗಳು ಬರಲು ಕಷ್ಟವಾಗುತ್ತಿತ್ತು. ಗಂಗೆಯಿಂದ 40,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರನ್ನು 38 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಭಾಗೀರಥಿಗೆ, ಅಲ್ಲಿಂದ ಹೂಗ್ಲಿಗೆ ಹರಿಸಿದರೆ ಹೂಳು ತೊಳೆದು ಹೋಗುತ್ತದೆ ಅನ್ನುವುದು ಲೆಕ್ಕಾಚಾರ.

ಉಳಿದ ನೀರು ಪದ್ಮಾ ಎಂಬ ಹೆಸರಿನಲ್ಲಿ ಬಾಂಗ್ಲಾದೇಶಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಜಗಳವೇ ಇಲ್ಲ, ಆಗ ಇಬ್ಬರಿಗೂ ಬೇಡವಾಗುವಷ್ಟು ನೀರು. ತಕರಾರು ಏನಿದ್ದರೂ ಜನವರಿಯಿಂದ ಮೇವರೆಗೆ.

ಕನ್ನಡದ ಓದುಗರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಕಾವೇರಿ ಜಗಳದಲ್ಲಿ ನಾವು ಮೊದಲು ಕೇಳುವುದು ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ, ಕಬಿನಿಯಲ್ಲಿ ಎಷ್ಟಿದೆ ಅಂತ. ಫರಕ್ಕಾದಲ್ಲಿ ಹಾಗೆ ಕೇಳಲು ಆಗುವುದಿಲ್ಲ. ಅದು ಬ್ಯಾರೇಜ್. ಮಳೆಗಾಲದ ನೀರನ್ನು ಏಪ್ರಿಲ್‌ಗೆ ಅಂತ ಹಿಡಿದಿಡುವ ಜಾಗ ಅಲ್ಲಿಲ್ಲ. ಆ ದಿನ ಮೇಲಿನಿಂದ ಎಷ್ಟು ಬಂತೋ ಅಷ್ಟನ್ನೇ ಆ ದಿನ ಹಂಚಬೇಕು.

ಪ್ರಮಾಣ ಎಷ್ಟು ದೊಡ್ಡದು ಅನ್ನುವುದೂ ಗೊತ್ತಿರಲಿ. ಒಂದು ದಿನಕ್ಕೆ ಒಂದು ಟಿಎಂಸಿ ಅಂದರೆ ಸುಮಾರು 11,574 ಕ್ಯೂಸೆಕ್. ಒಪ್ಪಂದದ ಪಟ್ಟಿಯಲ್ಲಿ ಗಂಗೆಯ ಹರಿವು ಅತಿ ಕಮ್ಮಿ ಇರುವುದು ಏಪ್ರಿಲ್ ಕೊನೆಯ ಹತ್ತು ದಿನ, ಸುಮಾರು 61,000 ಕ್ಯೂಸೆಕ್. ಆ ಹರಿವಿನಲ್ಲೂ ಹತ್ತು ದಿನದೊಳಗೆ ಕೆಆರ್‌ಎಸ್ ತುಂಬಿಬಿಡುತ್ತದೆ! ಬಡ ಬೇಸಿಗೆಯ ಗಂಗೆಯೂ ನಮ್ಮ ಕಣ್ಣಿಗೆ ಶ್ರೀಮಂತೆಯೇ. ಆದರೆ ಅದನ್ನು ನಂಬಿಕೊಂಡ ಜನರ ಸಂಖ್ಯೆ ಅದಕ್ಕೂ ದೊಡ್ಡದು.

ಹಂಚಿಕೆಯ ಸೂತ್ರ

ಸೂತ್ರವನ್ನು ಮೊದಲ ಸಲ ಓದಿದಾಗ ತಲೆ ಗಿರ್ರೆನ್ನಬಹುದು. ನಿಧಾನವಾಗಿ ನೋಡೋಣ.

ಜನವರಿ 1ರಿಂದ ಮೇ 31ರವರೆಗಿನ ಐದು ತಿಂಗಳನ್ನು ಹತ್ತು ಹತ್ತು ದಿನದ ಹದಿನೈದು ಕಂತುಗಳಾಗಿ ಭಾಗ ಮಾಡಿದ್ದಾರೆ. ಪ್ರತಿ ಕಂತಿನಲ್ಲಿ ಫರಕ್ಕಾಕ್ಕೆ ಬರುವ ಸರಾಸರಿ ಹರಿವು ನೋಡುತ್ತಾರೆ. ಅದು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಇಬ್ಬರಿಗೂ ಅರ್ಧ ಅರ್ಧ. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಮಿಕ್ಕಿದ್ದು ಭಾರತಕ್ಕೆ. 75,000 ದಾಟಿದರೆ ಭಾರತಕ್ಕೆ 40,000, ಮಿಕ್ಕಿದ್ದೆಲ್ಲ ಬಾಂಗ್ಲಾದೇಶಕ್ಕೆ.

ಇಲ್ಲಿಯವರೆಗೆ ಸರಳ. ಇದರ ಮೇಲೆ ಇನ್ನೊಂದು ಷರತ್ತಿದೆ. ಮಾರ್ಚ್ 11ರಿಂದ ಮೇ 10ರವರೆಗೆ, ನೀರು ಅತ್ಯಂತ ಕಮ್ಮಿ ಇರುವ ಆರು ಕಂತುಗಳಲ್ಲಿ, ಒಂದು ಬಿಟ್ಟು ಒಂದು ಕಂತಿನಂತೆ ಒಬ್ಬೊಬ್ಬರಿಗೆ 35,000 ಕ್ಯೂಸೆಕ್ ಖಾತ್ರಿ. ಮಾರ್ಚ್ 11ರಿಂದ 20 ಬಾಂಗ್ಲಾದೇಶದ ಸರದಿ. ಮುಂದಿನ ಕಂತು ಭಾರತದ್ದು. ಏಪ್ರಿಲ್ ಮೊದಲ ಹತ್ತು ದಿನ ಮತ್ತೆ ಬಾಂಗ್ಲಾದೇಶದ್ದು. ಹೀಗೇ ಸಾಗುತ್ತದೆ. ಯಾರ ಸರದಿಯೋ ಅವರಿಗೆ 35,000 ಪೂರ್ತಿ, ಇನ್ನೊಬ್ಬರಿಗೆ ಉಳಿದದ್ದು.

ನದಿಯಲ್ಲಿ 61,000 ಇದ್ದಾಗ ಇದು ಪರವಾಗಿಲ್ಲ. ಒಬ್ಬರಿಗೆ 35,000, ಇನ್ನೊಬ್ಬರಿಗೆ 26,000. ಆದರೆ ಹರಿವು 52,000ಕ್ಕೆ ಇಳಿದರೆ? ಒಬ್ಬರಿಗೆ 35,000, ಇನ್ನೊಬ್ಬರಿಗೆ ಬರೀ 17,000. ಹತ್ತು ದಿನ ಕಳೆದ ಮೇಲೆ ಉಲ್ಟಾ. ಕೊರತೆ ಹೆಚ್ಚಿದಷ್ಟೂ ಈ ತೂಗಾಟ ಜಾಸ್ತಿಯಾಗುತ್ತದೆ, ಅದರ ಪೂರ್ತಿ ಪೆಟ್ಟು ಸರದಿ ಇಲ್ಲದವರ ಮೇಲೆ ಬೀಳುತ್ತದೆ.

2016ರ ಮಾರ್ಚ್ ಮಧ್ಯದಲ್ಲಿ ಅಂಥ ಪೆಟ್ಟು ಬಿದ್ದದ್ದು ಭಾರತಕ್ಕೆ. ಫರಕ್ಕಾ ಕಾಲುವೆಯ ನೀರನ್ನೇ ನೆಚ್ಚಿಕೊಂಡಿದ್ದ ಎನ್‌ಟಿಪಿಸಿಯ 2,100 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ, ಕಾಲುವೆಯ ಮಟ್ಟ ಇಳಿದು ನಿಂತುಹೋಯಿತು. ಒಪ್ಪಂದದಿಂದ ನಷ್ಟ ಆಗುವುದು ಕೆಳಗಿನವರಿಗೆ ಮಾತ್ರ ಅಂದುಕೊಂಡಿದ್ದರೆ ಇದನ್ನೂ ನೆನಪಿಡಿ.

ಇನ್ನು 50,000ಕ್ಕಿಂತ ಕೆಳಗೆ ಹೋದರೆ? ಒಪ್ಪಂದ ಹೇಳುವುದು ಇಷ್ಟೇ: ಎರಡೂ ಸರ್ಕಾರಗಳು ಕೂಡಲೇ ಸಮಾಲೋಚನೆ ನಡೆಸಿ ತುರ್ತಾಗಿ ಹೊಂದಾಣಿಕೆ ಮಾಡಿಕೊಳ್ಳಬೇಕು. ಎಷ್ಟು ನೀರು ಯಾರಿಗೆ ಅನ್ನುವ ಸಂಖ್ಯೆ ಇಲ್ಲ. ಎಷ್ಟು ದಿನದೊಳಗೆ ತೀರ್ಮಾನ ಅನ್ನುವುದೂ ಇಲ್ಲ. ಹತ್ತು ದಿನದ ಕಂತಿನಲ್ಲಿ ಎರಡು ರಾಜಧಾನಿಗಳ ನಡುವೆ ಪತ್ರ ಓಡಾಡುವಷ್ಟರಲ್ಲಿ ಕಂತೇ ಮುಗಿದಿರುತ್ತದೆ.

ನಮಗೆ ಇದು ಹೊಸದೇನಲ್ಲ, ಅಲ್ವಾ? ಒಳ್ಳೆ ಮಳೆಯ ವರ್ಷ ಕಾವೇರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಅಂತ ಸಂಖ್ಯೆ ಕೊಟ್ಟಿತು. 2023ರಲ್ಲಿ ಮಳೆ ಕೈಕೊಟ್ಟಾಗ ಎದ್ದ ಪ್ರಶ್ನೆ ಸಂಕಷ್ಟ ಹಂಚಿಕೆ ಸೂತ್ರ ಎಲ್ಲಿ ಅನ್ನುವುದೇ. ಸಾಧಾರಣ ವರ್ಷದ ಹಂಚಿಕೆ ಬರೆಯುವುದು ಸುಲಭ. ಬರಗಾಲದ್ದನ್ನು ಮುಂಚೆಯೇ ಬರೆದಿಡಲು ಯಾರಿಗೂ ಮನಸ್ಸಿರುವುದಿಲ್ಲ. ಯಾಕೆಂದರೆ ಅದನ್ನು ಬರೆದವರು ಊರಿಗೆ ಹೋಗಿ ‘ನಾವು ಇಷ್ಟು ಬಿಟ್ಟುಕೊಟ್ಟೆವು’ ಅಂತ ಹೇಳಬೇಕಾಗುತ್ತದೆ.

1949ರಿಂದ 1988ರ ಗಂಗೆ

61,000 ಅನ್ನುವ ಸಂಖ್ಯೆ ಬಂದದ್ದು ಎಲ್ಲಿಂದ? ಒಪ್ಪಂದಕ್ಕೆ ಲಗತ್ತಿಸಿದ ಪಟ್ಟಿಯಿಂದ. ಅದು 1949ರಿಂದ 1988ರವರೆಗಿನ ನಲವತ್ತು ವರ್ಷದ ಸರಾಸರಿ. ಜನವರಿಯ ಮೊದಲ ಹತ್ತು ದಿನಕ್ಕೆ ಸುಮಾರು 1,07,500 ಕ್ಯೂಸೆಕ್, ಅಲ್ಲಿಂದ ಇಳಿಯುತ್ತ ಏಪ್ರಿಲ್ ಕೊನೆಗೆ 61,000. ಈ ಹರಿವನ್ನು ಕಾಪಾಡಲು ಮೇಲಿನ ದೇಶ ಎಲ್ಲ ಪ್ರಯತ್ನ ಮಾಡಬೇಕು ಅಂತಲೂ ಒಪ್ಪಂದದಲ್ಲಿದೆ. ಪ್ರಯತ್ನ ಸಾಲದೇ ಹೋದರೆ ಏನು ಅನ್ನುವುದು ಇಲ್ಲ.

1997, ಅಂದರೆ ಒಪ್ಪಂದದ ಮೊದಲ ಬೇಸಿಗೆಯಲ್ಲೇ ಹರಿವು ಈ ಪಟ್ಟಿಗಿಂತ ಬಹಳ ಕೆಳಗೆ ಬಂತು. ಢಾಕಾದಲ್ಲಿ ಭಾರತ ಮೋಸ ಮಾಡಿತು ಅಂದರು. ದೆಹಲಿಯಲ್ಲಿ ನದಿಯಲ್ಲೇ ನೀರಿಲ್ಲ ಅಂದರು.

ನದಿಯಲ್ಲೇ ನೀರು ಕಮ್ಮಿಯಾಗುವುದು ಹೇಗೆ? ತುಂಬಾ ಜನ ತಕ್ಷಣ ಹಿಮನದಿಗಳ ಮಾತೆತ್ತುತ್ತಾರೆ. ಹಿಮಾಲಯದ ಹಿಮ ಕರಗಿಹೋದರೆ ಗಂಗೆ ಬತ್ತುತ್ತದೆ ಅಂತ. ಗಂಗೋತ್ರಿ ಹಿಮನದಿ ಹಿಂದೆ ಸರಿಯುತ್ತಿರುವುದು ನಿಜ. ಆದರೆ ಫರಕ್ಕಾದ ಲೆಕ್ಕದಲ್ಲಿ ಹಿಮನದಿಯ ಪಾಲು ದೊಡ್ಡದಲ್ಲ. ಸಿಂಧೂ ನದಿಯ ಕಥೆ ಬೇರೆ, ಅದು ಹಿಮದ ಮೇಲೆ ಬಹಳ ಅವಲಂಬಿತ. ಗಂಗೆ ಮುಖ್ಯವಾಗಿ ಮುಂಗಾರಿನ ನದಿ. ಈ ವಿಷಯದಲ್ಲಿ ಆತುರದ ಮಾತು ದೊಡ್ಡವರೂ ಆಡಿದ್ದಾರೆ. 2035ರೊಳಗೆ ಹಿಮಾಲಯದ ಹಿಮನದಿಗಳು ಮಾಯವಾಗಬಹುದು ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2007ರ ವರದಿಯಲ್ಲಿ ಬಂದಿತ್ತು. ಅದು ತಪ್ಪು ಅಂತ 2010ರಲ್ಲಿ ಸಮಿತಿಯೇ ಒಪ್ಪಿಕೊಂಡಿತು.

ಹಾಗಾದರೆ ಮಳೆಯೇ ಇಲ್ಲದ ಏಪ್ರಿಲ್‌ನಲ್ಲಿ ಗಂಗೆಗೆ ನೀರು ಎಲ್ಲಿಂದ? ದೊಡ್ಡ ಪಾಲು ನೆಲದೊಳಗಿಂದ. ಮುಂಗಾರಿನಲ್ಲಿ ಬಯಲಿನ ಮಣ್ಣಿಗೆ ಇಂಗಿದ ನೀರು ಬೇಸಿಗೆಯಲ್ಲಿ ನಿಧಾನವಾಗಿ ಮತ್ತೆ ನದಿಗೆ ಒಸರುತ್ತದೆ. ಜೊತೆಗೆ ನೇಪಾಳದ ಕೋಸಿ, ಗಂಡಕಿ, ಕರ್ನಾಲಿಯಂಥ ನದಿಗಳು ತರುವ ನೀರು, ಅದರಲ್ಲಿ ಒಂದಿಷ್ಟು ಹಿಮ ಕರಗಿದ್ದು.

ಈಗ ಈ ಒಸರುವ ನೀರಿಗೇ ಎರಡು ಕಡೆಯಿಂದ ಕುತ್ತು. ಒಂದು, ಉತ್ತರ ಭಾರತದ ಬಯಲಿನಲ್ಲಿ ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ಕೆಳಗಿಳಿದಿದೆ. ಮಟ್ಟ ನದಿಯ ಪಾತ್ರಕ್ಕಿಂತ ಕೆಳಗೆ ಹೋದ ಕಡೆ ನೀರು ನದಿಗೆ ಬರುವ ಬದಲು ನದಿಯಿಂದಲೇ ನೆಲಕ್ಕೆ ಇಳಿಯುತ್ತದೆ. ಎರಡು, ಮಳೆಯ ರೀತಿ ಬದಲಾಗಿದೆ. ಹಿಂದೂ ಮಹಾಸಾಗರ ಬಿಸಿಯಾಗಿದ್ದು, ಬಯಲಿನ ಮೇಲೆ ಹೊಗೆ ದೂಳು ಕವಿದಿದ್ದು ಸೇರಿ ಗಂಗಾ ಬಯಲಿನ ಮುಂಗಾರು ದುರ್ಬಲವಾಗಿದೆ ಅಂತ ಸಂಶೋಧಕರು ಹೇಳುತ್ತಾರೆ. ಬಂದ ಮಳೆಯೂ ಕೆಲವೇ ದಿನಗಳಲ್ಲಿ ಧೋ ಎಂದು ಸುರಿದು ಹರಿದುಹೋಗುತ್ತದೆ, ಇಂಗುವುದಕ್ಕೆ ಪುರುಸೊತ್ತು ಸಿಗುವುದಿಲ್ಲ.

ಐಐಟಿ ಗಾಂಧಿನಗರ ಮತ್ತು ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮರದ ಉಂಗುರಗಳಿಂದ ಸಿಕ್ಕ ಹಳೆಯ ಮಳೆಯ ಜಾಡು ಹಿಡಿದು ಗಂಗೆಯ ಹರಿವನ್ನು 1,300 ವರ್ಷ ಹಿಂದಿನವರೆಗೆ ಲೆಕ್ಕ ಹಾಕಿದರು. 1990ರ ದಶಕದಿಂದ ಈಚೆಗೆ ಗಂಗೆ ಒಣಗಿದಷ್ಟು ಆ ಇಡೀ ಅವಧಿಯಲ್ಲಿ ಎಂದೂ ಒಣಗಿಲ್ಲ ಅನ್ನುವುದು ಅವರ ತೀರ್ಮಾನ. ಅಂದರೆ ಒಪ್ಪಂದಕ್ಕೆ ಆಧಾರವಾದ 1949–88ರ ನದಿಯೇ ಬೇರೆ, ಒಪ್ಪಂದ ಜಾರಿಯಲ್ಲಿದ್ದಾಗ ಹರಿದ ನದಿಯೇ ಬೇರೆ.

ಮುಂದೆ ಇನ್ನೂ ಒಣಗುತ್ತದೆಯೇ? ಇಲ್ಲೇ ತೊಡಕು. ಹೆಚ್ಚಿನ ಹವಾಮಾನ ಮಾದರಿಗಳು ಬಿಸಿಲು ಏರಿದಂತೆ ಗಂಗೆಯ ಬಯಲಿನಲ್ಲಿ ಮುಂಗಾರು ಮಳೆ ಜಾಸ್ತಿಯಾಗುತ್ತದೆ ಅನ್ನುತ್ತವೆ. ಅದೇ ಮಾದರಿಗಳು ಈಗಾಗಲೇ ಆಗಿಹೋದ ಈ ಒಣಗುವಿಕೆಯನ್ನು ಸರಿಯಾಗಿ ಹಿಡಿದಿಲ್ಲ. ಆದ್ದರಿಂದ ಹಳೆಯ ಸರಾಸರಿ ತೆಗೆದು ಹೊಸ ಸರಾಸರಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಹೊಸ ಸಂಖ್ಯೆಯೂ ಹತ್ತು ಹದಿನೈದು ವರ್ಷಕ್ಕೆ ಹಳೆಯದಾಗುತ್ತದೆ.

ನನ್ನ ಪ್ರಕಾರ ಇಡೀ ಸೂತ್ರದಲ್ಲಿ ಗಟ್ಟಿಯಾಗಿರುವುದು ಎಲ್ಲಕ್ಕಿಂತ ಸರಳವಾದ ಸಾಲು: ಕಮ್ಮಿ ಇದ್ದಾಗ ಅರ್ಧ ಅರ್ಧ. ನದಿ ಎಷ್ಟೇ ಇಳಿದರೂ ಅರ್ಧ ಅರ್ಧ ಅಂತ ಹಂಚಬಹುದು. ಅದಕ್ಕೆ ಹಳೆಯ ಸರಾಸರಿ ಬೇಕಿಲ್ಲ. ಒಡೆಯುವುದು 35,000ದ ಖಾತ್ರಿ. ಸುರಕ್ಷೆ ಇರಲಿ ಅಂತ ಸೇರಿಸಿದ ಷರತ್ತೇ ಬರಗಾಲದಲ್ಲಿ ತಗಾದೆಯ ಮೂಲವಾಗಿದೆ.

ಕೆಳಗೆ ಏನಾಗುತ್ತದೆ

ಬಾಂಗ್ಲಾದೇಶದ ನೈಋತ್ಯ ಭಾಗಕ್ಕೆ ಪದ್ಮೆಯ ಸಿಹಿನೀರು ಹೋಗುವುದು ಗೊರಾಯ್ ಎಂಬ ಕವಲಿನ ಮೂಲಕ. ಬೇಸಿಗೆಯಲ್ಲಿ ಪದ್ಮೆಯ ಮಟ್ಟ ಇಳಿದಾಗ ಗೊರಾಯ್‌ನ ಬಾಯಿ ಮರಳಿನಿಂದ ಮುಚ್ಚುತ್ತದೆ. ಮೇಲಿನಿಂದ ಸಿಹಿನೀರು ತಳ್ಳದೇ ಇದ್ದಾಗ ಕೆಳಗಿನಿಂದ ಸಮುದ್ರ ಒಳಗೆ ಬರುತ್ತದೆ. ಖುಲ್ನಾ ಕಡೆಯ ಗದ್ದೆ, ಕೆರೆ, ಕುಡಿಯುವ ನೀರು ಉಪ್ಪಾಗುತ್ತವೆ. ಸುಂದರಬನಕ್ಕೆ ಹೆಸರು ಕೊಟ್ಟ ಸುಂದರಿ ಮರಗಳು ತುದಿಯಿಂದ ಒಣಗುತ್ತವೆ. ಇದರ ಜೊತೆ ಸಮುದ್ರದ ಮಟ್ಟವೂ ಏರುತ್ತಿದೆ. ಅಂದರೆ ಮೊದಲು ಸಾಕಾಗುತ್ತಿದ್ದ ಸಿಹಿನೀರು ಇನ್ನು ಮುಂದೆ ಸಾಕಾಗುವುದಿಲ್ಲ. ಹಂಚಿಕೆಯ ಕೋಷ್ಟಕದಲ್ಲಿ ಈ ಉಪ್ಪಿಗೆ ಒಂದು ಕಾಲಂ ಕೂಡ ಇಲ್ಲ.

ಅದಕ್ಕೇ ಫರಕ್ಕಾ ಅಲ್ಲಿ ಬರೀ ಎಂಜಿನಿಯರಿಂಗ್ ವಿಷಯವಾಗಿ ಉಳಿದಿಲ್ಲ. 1976ರ ಮೇ 16ರಂದು ವಯೋವೃದ್ಧ ನಾಯಕ ಮೌಲಾನಾ ಭಾಸಾನಿ ರಾಜಶಾಹಿಯಿಂದ ದೊಡ್ಡ ಜಾಥಾ ಹೊರಡಿಸಿದರು. ಅದೇ ವರ್ಷ ವಿಷಯ ವಿಶ್ವಸಂಸ್ಥೆಗೂ ಹೋಯಿತು. ಇವತ್ತಿಗೂ ಅಲ್ಲಿ ಮೇ 16 ಫರಕ್ಕಾ ದಿನ.

ಮೇಲಿನವರಿಗೂ ಬ್ಯಾರೇಜ್ ಮೇಲೆ ಪ್ರೀತಿಯೇನಿಲ್ಲ. ಹೂಳು ನಿಂತು ಬಿಹಾರದಲ್ಲಿ ಪ್ರವಾಹ ಹೆಚ್ಚುತ್ತಿದೆ, ಫರಕ್ಕಾವನ್ನೇ ತೆಗೆಯಿರಿ ಅಂತ 2016ರಲ್ಲಿ ನಿತೀಶ್ ಕುಮಾರ್ ಕೇಳಿದ್ದರು. ಮಾಲ್ಡಾ, ಮುರ್ಷಿದಾಬಾದ್‌ನಲ್ಲಿ ನದಿ ದಂಡೆ ಕೊರೆದು ಊರುಗಳನ್ನೇ ನುಂಗಿದೆ. ಸಮುದ್ರದಿಂದ ಅಲಹಾಬಾದ್‌ವರೆಗೆ ಈಜಿ ಬರುತ್ತಿದ್ದ ಹಿಲ್ಸಾ ಮೀನಿಗೆ ಬ್ಯಾರೇಜ್ ದಾಟಲು ಆಗುತ್ತಿಲ್ಲ.

ಬೇರೆಯವರು ಏನು ಮಾಡಿದರು

1960ರ ಸಿಂಧೂ ಒಪ್ಪಂದ ನೀರನ್ನು ಹಂಚಲಿಲ್ಲ, ನದಿಗಳನ್ನೇ ಹಂಚಿತು. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೇಲಂ, ಚಿನಾಬ್ ಬಹುಪಾಲು ಪಾಕಿಸ್ತಾನಕ್ಕೆ. ತಕರಾರು ಬಂದರೆ ತಟಸ್ಥ ತಜ್ಞ, ಆಮೇಲೆ ಮಧ್ಯಸ್ಥಿಕೆ ನ್ಯಾಯಾಲಯ ಅಂತ ಮೆಟ್ಟಿಲುಗಳಿದ್ದವು. ಗಂಗಾ ಒಪ್ಪಂದದಲ್ಲಿ ಅಂಥ ಮೂರನೆಯವರು ಯಾರೂ ಇಲ್ಲ, ಜಂಟಿ ಸಮಿತಿ, ಜಂಟಿ ನದಿ ಆಯೋಗ, ಕೊನೆಗೆ ಎರಡು ಸರ್ಕಾರ, ಅಷ್ಟೇ. ಹಾಗಂತ ಸಿಂಧೂ ಒಪ್ಪಂದ ಉಳಿಯಿತೇ? ಮೂರು ಯುದ್ಧಗಳನ್ನು ತಾಳಿಕೊಂಡ ಅದನ್ನು ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಭಾರತ ತಡೆಹಿಡಿಯಿತು.

ಕಲಿಯುವಂಥದ್ದು ಹೆಚ್ಚು ಇರುವುದು ಕೊಲರಾಡೊ ನದಿಯಲ್ಲಿ. 1944ರ ಒಪ್ಪಂದದ ಪ್ರಕಾರ ಅಮೆರಿಕ ವರ್ಷಕ್ಕೆ 15 ಲಕ್ಷ ಎಕರೆ ಅಡಿ ನೀರನ್ನು, ನಮ್ಮ ಲೆಕ್ಕದಲ್ಲಿ ಸುಮಾರು 65 ಟಿಎಂಸಿ, ಮೆಕ್ಸಿಕೋಗೆ ಬಿಡಬೇಕು. ‘ಅಸಾಧಾರಣ ಬರ’ ಬಂದರೆ ಇಬ್ಬರೂ ಒಂದೇ ಪ್ರಮಾಣದಲ್ಲಿ ಕಡಿತ ಸಹಿಸಬೇಕು ಅಂತ ಅದರಲ್ಲೇ ಇತ್ತು. ಆದರೆ ಅಸಾಧಾರಣ ಬರ ಅಂದರೆ ಯಾವುದು ಅಂತ ಬರೆದಿರಲಿಲ್ಲ!

ಅದನ್ನು ಅವರು ಒಪ್ಪಂದ ತಿದ್ದದೆಯೇ ಸರಿಮಾಡಿಕೊಂಡರು. ಎರಡೂ ದೇಶಗಳ ಗಡಿ ಮತ್ತು ನೀರು ಆಯೋಗದ ಮೂಲಕ 2012ರಲ್ಲಿ ಒಂದು, 2017ರಲ್ಲಿ ಇನ್ನೊಂದು ಪೂರಕ ಟಿಪ್ಪಣಿಗೆ ಸಹಿ ಹಾಕಿದರು. ಆ ನದಿಗೆ ಅಮೆರಿಕ ಕಟ್ಟಿದ ಮೀಡ್ ಜಲಾಶಯದ ಮಟ್ಟ 1,075 ಅಡಿಗೆ ಇಳಿದರೆ ಮೆಕ್ಸಿಕೋಗೆ ಇಷ್ಟು ಕಡಿತ, ಇನ್ನೂ ಇಳಿದರೆ ಇನ್ನಷ್ಟು, ನೀರು ಜಾಸ್ತಿಯಾದರೆ ಜಾಸ್ತಿ ಪಾಲು, ಹೀಗೆ ಮೊದಲೇ ಬರೆದಿಟ್ಟರು. ಮೆಕ್ಸಿಕೋ ತನ್ನ ನೀರನ್ನು ಅಮೆರಿಕದ ಜಲಾಶಯದಲ್ಲಿ ಉಳಿಸಿಡಲೂಬಹುದು. 2022ರಲ್ಲಿ ನಿಜವಾಗಿಯೂ ಕಡಿತ ಬಂತು. ಯಾರೂ ತುರ್ತು ಸಭೆ ಕರೆಯಬೇಕಾಗಲಿಲ್ಲ, ಮಟ್ಟ ನೋಡಿ ಗೇಟು ತಿರುಗಿಸಿದರು. ಅವರ ಏರ್ಪಾಡಿಗೂ ಗಡುವು 2026ರ ಕೊನೆಯೇ ಅನ್ನುವುದು ಕಾಕತಾಳೀಯ.

ಫರಕ್ಕಾದಲ್ಲಿ ಜಲಾಶಯ ಇಲ್ಲದ್ದರಿಂದ ಅದನ್ನೇ ನಕಲು ಮಾಡಲು ಬರುವುದಿಲ್ಲ. ಆದರೆ 50,000, 45,000, 40,000 ಅಂತ ಮೆಟ್ಟಿಲು ಹಾಕಿ, ಪ್ರತಿ ಮೆಟ್ಟಿಲಿಗೆ ಪಾಲನ್ನು ಮೊದಲೇ ಬರೆದಿಡಲು ಏನಡ್ಡಿ? ಒಪ್ಪಂದದಲ್ಲೇ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆಗೆ ಅವಕಾಶ ಇತ್ತು. ಮೂವತ್ತು ವರ್ಷದಲ್ಲಿ ಸೂತ್ರದ ಒಂದು ಅಂಕಿಯೂ ಬದಲಾಗಲಿಲ್ಲ.

ಮೇಜಿನ ಸುತ್ತ ಯಾರಿಲ್ಲ

ಬೇಸಿಗೆಯಲ್ಲಿ ಫರಕ್ಕಾಕ್ಕೆ ಬರುವ ನೀರಿನಲ್ಲಿ ದೊಡ್ಡ ಪಾಲು ನೇಪಾಳದ ನದಿಗಳದ್ದು. ನೇಪಾಳ ಈ ಒಪ್ಪಂದದಲ್ಲಿ ಇಲ್ಲ. ಮುಂಗಾರಿನ ನೀರನ್ನು ಹಿಡಿದಿಟ್ಟು ಏಪ್ರಿಲ್‌ನಲ್ಲಿ ಬಿಡುವಂಥ ಜಾಗ ಎಲ್ಲಾದರೂ ಇದ್ದರೆ ಅದು ಅಲ್ಲೇ. ಭೂಕಂಪ, ಮುಳುಗಡೆ, ಹೂಳು, ಈ ಎಲ್ಲ ಕಾರಣಕ್ಕೆ ಅದು ಸುಲಭವೂ ಅಲ್ಲ. ಬಾಂಗ್ಲಾದೇಶ ಮೂವರೂ ಕೂತು ಮಾತಾಡೋಣ ಅನ್ನುತ್ತ ಬಂದಿದೆ, ಭಾರತ ಇಬ್ಬಿಬ್ಬರೇ ಸಾಕು ಅನ್ನುತ್ತ ಬಂದಿದೆ.

ಅದೇ ಭಾರತ ಬ್ರಹ್ಮಪುತ್ರದ ವಿಷಯದಲ್ಲಿ ಕೆಳಗಿನ ದೇಶ. 2017ರಲ್ಲಿ ಡೋಕ್ಲಾಂ ಬಿಕ್ಕಟ್ಟಿನ ವರ್ಷ ಚೀನಾ ನೀರಿನ ಮಾಹಿತಿ ಕೊಡಲಿಲ್ಲ ಅಂತ ನಾವು ದೂರಿದೆವು. ಈಗ ಟಿಬೆಟ್‌ನಲ್ಲಿ ಚೀನಾ ಭಾರೀ ಜಲವಿದ್ಯುತ್ ಯೋಜನೆ ಶುರು ಮಾಡಿದೆ. ಅಲ್ಲಿ ನಾವು ಕೇಳುವುದನ್ನೇ ಇಲ್ಲಿ ಢಾಕಾ ಕೇಳುತ್ತಿದೆ.

ರಾಜ್ಯಗಳದ್ದು ಇನ್ನೊಂದು ಗಂಟು. 2011ರಲ್ಲಿ ಎರಡೂ ದೇಶಗಳ ನಡುವೆ ಹರಿಯುವ ಇನ್ನೊಂದು ನದಿ ತೀಸ್ತಾದ ಒಪ್ಪಂದ ಸಹಿಗೆ ಸಿದ್ಧವಾಗಿತ್ತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ ವಿರೋಧಿಸಿದರು, ಅದು ಅಲ್ಲೇ ನಿಂತಿತು. 2024ರ ಜೂನ್‌ನಲ್ಲಿ ಗಂಗಾ ಒಪ್ಪಂದದ ನವೀಕರಣಕ್ಕೆ ತಾಂತ್ರಿಕ ಮಾತುಕತೆ ಅಂತ ಮೋದಿ ಮತ್ತು ಹಸೀನಾ ಪ್ರಕಟಿಸಿದಾಗಲೂ, ರಾಜ್ಯವನ್ನು ಕೇಳದೆ ಮಾಡಬೇಡಿ ಅಂತ ಮಮತಾ ಪತ್ರ ಬರೆದರು. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ಹಸೀನಾ ಅವರೇ ಅಧಿಕಾರ ಬಿಟ್ಟು ಭಾರತಕ್ಕೆ ಬಂದರು. 2025ರಲ್ಲಿ ಬಾಂಗ್ಲಾದೇಶ ಗಡಿದಾಟುವ ನದಿಗಳ ಕುರಿತ ವಿಶ್ವಸಂಸ್ಥೆಯ 1992ರ ಜಲ ಒಡಂಬಡಿಕೆಗೆ ಸೇರಿತು. ದಕ್ಷಿಣ ಏಷ್ಯಾದಲ್ಲಿ ಹಾಗೆ ಸೇರಿದ ಮೊದಲ ದೇಶ ಅದು. ಭಾರತ ಸೇರದೆ ಇರುವುದರಿಂದ ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ, ಆದರೆ ಮಾತುಕತೆಯಲ್ಲಿ ಢಾಕಾ ಯಾವ ಭಾಷೆಯಲ್ಲಿ ಮಾತಾಡಲಿದೆ ಅನ್ನುವುದನ್ನು ತೋರಿಸುತ್ತದೆ.

ಒಪ್ಪಂದವೇ ಇಲ್ಲದ ಕಾಲ ಹೇಗಿರುತ್ತದೆ ಅನ್ನುವುದಕ್ಕೆ ಊಹೆ ಬೇಕಿಲ್ಲ. 1988ರಿಂದ 1996ರವರೆಗೆ ಯಾವ ಒಪ್ಪಂದವೂ ಇರಲಿಲ್ಲ. ಫರಕ್ಕಾದಲ್ಲಿ ಎಷ್ಟು ತಿರುಗಿಸಬೇಕು ಅನ್ನುವುದನ್ನು ಭಾರತ ಒಬ್ಬನೇ ತೀರ್ಮಾನಿಸುತ್ತಿತ್ತು, ಬೇಸಿಗೆಯ ಪದ್ಮೆ ತೀರಾ ಸೊರಗಿತ್ತು. 1996ರ ಒಪ್ಪಂದದ ಅವಧಿ ಮುಗಿಯುವುದು 2026ರ ಡಿಸೆಂಬರ್ ನಡುವೆ. ಹಂಚಿಕೆಯ ಮೊದಲ ಕಂತು ಶುರುವಾಗುವುದು ಜನವರಿ 1ಕ್ಕೆ. ನಡುವೆ ಇರುವುದು ಮೂರೇ ವಾರ.